ವಿದೇಶಕ್ಕೆ ಹೊರಡೋ ಮುಂಚೆ ಊರಿನ ಹಕ್ಕಿ ಬರೆದಿಡ್ರಿ

ಎಂಎಸ್ ಮಾಡಲು ಹೊರದೇಶಕ್ಕೆ ಹೋದ ನಮ್ಮವರಿಗೆ ಅಲ್ಲಿ ಹೋದ ಮೇಲೆ ಹಕ್ಕಿ ನೋಡೋ ಹುಚ್ಚು ಹತ್ತುವುದುಂಟು. ಹೊಸ ಊರು, ಹೊಸ ಹಕ್ಕಿ. ಕಂಡದ್ದನ್ನೆಲ್ಲ ಪಟ್ಟಿ ಮಾಡೋ ಆಸೆ. ಇದಕ್ಕೆ ‘ಲೈಫ್ ಲಿಸ್ಟ್’ ಅಂತಾರೆ. ಜೀವನದಲ್ಲಿ ನೀವು ಕಂಡು ಗುರುತಿಸಿದ ಪ್ರಭೇದಗಳ ಪಟ್ಟಿ ಅದು. ಯಾವ ದೇಶದಲ್ಲಿ, ಎಷ್ಟು ಸಲ ಕಂಡರೂ ಒಂದು ಪ್ರಭೇದಕ್ಕೆ ಒಂದೇ ಲೆಕ್ಕ.

ಹಾಗಾದರೆ ಪಟ್ಟಿ ಶುರುವಾಗಬೇಕಾದದ್ದು ಎಲ್ಲಿಂದ? ಊರಿನಿಂದ. ಲಂಡನ್ನಿನ ಪಾರ್ಕುಗಳಲ್ಲಿ ಕಿರುಚುತ್ತ ಹಾರುವ ಹಸಿರು ಗಿಳಿ ನಮ್ಮ ಪೇರಲ ತೋಟದ ಗಿಳಿಯದೇ ಪ್ರಭೇದ. ಮೆಲ್ಬರ್ನಿನ ಗೊರವಂಕವೂ ನಮ್ಮದೇ. 1862ರಲ್ಲಿ ಅಲ್ಲಿಗೆ ಒಯ್ದು ಬಿಟ್ಟರು. ಇವು ಅಲ್ಲಿ ಕಂಡರೆ ನಿಮ್ಮ ಸಂಖ್ಯೆ ಏರುವುದಿಲ್ಲ.

ಹೆಸರು ನಂಬಬ್ಯಾಡ್ರಿ

ಭಾರತ, ಇಂಗ್ಲೆಂಡ್, ಅಮೆರಿಕ ಮೂರೂ ಕಡೆ ‘ರಾಬಿನ್’ ಇದೆ. ಮೂರೂ ಬೇರೆ ಬೇರೆ ಹಕ್ಕಿ. ಡೇಟಾಬೇಸ್ ಓದಿದವರಿಗೆ ಹೇಳಬೇಕಿಲ್ಲ: ರೂಢಿಯ ಹೆಸರು ಪ್ರೈಮರಿ ಕೀ ಆಗುವುದಿಲ್ಲ, ವೈಜ್ಞಾನಿಕ ಹೆಸರೇ ಬೇಕು.

ವೈಜ್ಞಾನಿಕ ಹೆಸರೂ ಬದಲಾಗುತ್ತದೆ. ಮುಧೋಳ ಕಡೆಯ ತಿಮ್ಮಾಪುರದಂಥ ಊರುಗಳಲ್ಲಿ ರಂಟೆ ಹೊಡೆಯುವಾಗ ಹಿಂದಿಂದೆ ಬರುವ ಬೆಳ್ಳಕ್ಕಿ, ಅಂದರೆ ಗೋವಕ್ಕಿಯನ್ನೇ ನೋಡ್ರಿ. ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ 19ನೇ ಶತಮಾನದ ಕೊನೆಗೆ ದಕ್ಷಿಣ ಅಮೆರಿಕ ಸೇರಿದ ಗೋವಕ್ಕಿ, ಆಮೇಲೆ ಟೆಕ್ಸಾಸ್, ಫ್ಲೋರಿಡಾಗಳಿಗೂ ಹಬ್ಬಿತು. ಬಹುಕಾಲ ಎರಡನ್ನೂ ಒಂದೇ ಪ್ರಭೇದ ಅಂದರು. ಈಗ ನಮ್ಮದು ಪೂರ್ವದ ಗೋವಕ್ಕಿ, ಅವರದು ಪಶ್ಚಿಮದ್ದು ಎಂದು ಬೇರೆ ಮಾಡಿದ್ದಾರೆ. ಎರಡೂ ಕಡೆ ನೋಡಿ, ಜಾಗ ಮತ್ತು ದಿನಾಂಕ ಬರೆದವರಿಗೆ ಕುಂತಲ್ಲೇ ಒಂದು ಹಕ್ಕಿ ಹೆಚ್ಚಾಯಿತು. ‘ಗೋವಕ್ಕಿ, ನೋಡಿದ್ದೇನೆ’ ಅಂತಷ್ಟೇ ಬರೆದವರ ಬಳಿ ಯಾವುದಕ್ಕೂ ಪುರಾವೆಯಿಲ್ಲ.

ಖಾಲಿ ಅಂದ್ರ ಸೊನ್ನೆ ಅಲ್ಲ

ಈ ಪಟ್ಟಿ ಬರೀ ಹವ್ಯಾಸವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಶುರು ಮಾಡಿದ ‘ಇ-ಬರ್ಡ್’ಗೆ ಜನ ಕಳಿಸಿದ ಪಟ್ಟಿಗಳಿಂದಲೇ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ತಯಾರಾಯಿತು: ಸುಮಾರು 30,000 ವೀಕ್ಷಕರು, 3 ಕೋಟಿ ದಾಖಲೆ, 942 ಪ್ರಭೇದ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ಗೊತ್ತಾಗುವುದು ಹೀಗೆ. ಆದರೆ ಯಾರೂ ಬರೆಯದ ಊರು ನಕ್ಷೆಯಲ್ಲಿ ಖಾಲಿ. ಹಕ್ಕಿ ಇಲ್ಲವೋ, ನೋಡುವವರಿಲ್ಲವೋ ಹೇಳುವುದು ಹೇಗೆ? ಆಲಮಟ್ಟಿ ಹಿನ್ನೀರು ಬೀಳಗಿ ಸೀಮೆಯನ್ನೇ ಬದಲಿಸಿತು. ಹೊಲ ಮುಳುಗಿದವು, ಚಳಿಗಾಲಕ್ಕೆ ಫ್ಲೆಮಿಂಗೋಗಳು ಬರತೊಡಗಿದವು. ನೀರು ಬರುವ ಮುಂಚೆ ಆ ಹೊಲಗಳಲ್ಲಿ ಏನೇನಿದ್ದವು ಎಂದು ಬರೆದಿಟ್ಟವರಿದ್ದರೆ ಇಂದು ಹೋಲಿಸಿ ನೋಡಬಹುದಿತ್ತು.

ಸೆಮಿಸ್ಟರ್ ರಜೆಯ ಕೆಲಸ

ಬೆಳಿಗ್ಗೆ 15 ನಿಮಿಷ ಹೊಲದ ಬದುವಿನಲ್ಲೋ ಹೊಳೆ ದಂಡೆಯಲ್ಲೋ ನಿಲ್ಲಿ. ಹಕ್ಕಿ, ಎಷ್ಟು, ಜಾಗ, ದಿನಾಂಕ, ಸಮಯ: ಐದೇ ಕಾಲಂ. ಗುರುತಿಸಿದ್ದನ್ನೆಲ್ಲ ಬರೆಯಿರಿ, ಕಾಗೆಯನ್ನೂ ಬಿಡಬೇಡಿ. ಗುರುತು ಸಿಗದಿದ್ದರೆ ಊಹಿಸಿ ಹೆಸರಿಡಬೇಡಿ. ಬಣ್ಣ, ಕೊಕ್ಕು, ಕೂಗು ಬರೆದಿಟ್ಟು ಅಜ್ಜನನ್ನೋ ಕುರಿ ಕಾಯೋ ಕಾಕಾನನ್ನೋ ಕೇಳಿ. ಅವರು ಹೇಳುವ ಊರ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಆ ಹೆಸರು ಯಾವ ಆ್ಯಪಿನಲ್ಲೂ ಇರಲಿಕ್ಕಿಲ್ಲ.