ಬರೆದಿರೋದು ಒಂದು, ಕೇಳೋದು ಇನ್ನೊಂದು: ಡಬಲ್ ಬಾಸ್ ಶೀಟ್ ಓದೋದು ಹೇಗೆ?

ಮಾಕಳಿದುರ್ಗ ಹತ್ತುವಾಗ ಕೆಳಗಿನ ಹಳಿ ಮೇಲೆ ಗೂಡ್ಸ್ ರೈಲು ಬಂದ್ರೆ ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತಲ್ಲ? ಆರ್ಕೆಸ್ಟ್ರಾದಲ್ಲಿ ಆ ಕೆಲಸ ಡಬಲ್ ಬಾಸ್‌ದು. ನಮ್ಮಲ್ಲಿ ಕೀಬೋರ್ಡ್ ನುಡಿಸೋರು ಬೇಕಾದಷ್ಟು ಜನ ಇದ್ದೀವಿ. ಆದರೆ ಬಾಸ್ ಶೀಟನ್ನು ಕೀಬೋರ್ಡ್‌ನಲ್ಲಿ ಇದ್ದ ಹಾಗೇ ನುಡಿಸಿದರೆ ಪಾಯ ಒಂದು ಮಹಡಿ ಮೇಲೆ ಬಂದು ಕೂರುತ್ತೆ. ಯಾಕಂದ್ರೆ ಈ ವಾದ್ಯದ ನಾದ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳುತ್ತೆ. ಹಾಗೆ ಬರೆಯದಿದ್ದರೆ ಐದು ಗೆರೆಗಳ ಕೆಳಗೆ ಇನ್ನಷ್ಟು ಪುಟ್ಟ ಗೆರೆ ಎಳೆಯುತ್ತಲೇ ಇರಬೇಕಾಗುತ್ತಿತ್ತು.

ನಾಲ್ಕು ತಂತಿ: ಇ, ಎ, ಡಿ, ಜಿ. ಕಂಪನ 41.2, 55, 73.4, 98 ಹರ್ಟ್ಸ್. ವಯಲಿನ್ ತಂತಿಗಳ ನಡುವೆ ಪಂಚಮದ ಅಂತರ ಇದ್ರೆ ಇಲ್ಲಿ ಮಧ್ಯಮದ್ದು. ಒಂದನ್ನು ಷಡ್ಜ ಅಂದ್ಕೊಂಡ್ರೆ ಮುಂದಿನದು ಶುದ್ಧ ಮಧ್ಯಮ.

ತೊಂದರೆ ಶುರುವಾಗೋದು ಚೆಲ್ಲೋ ಜೊತೆ. ಹೈಡನ್, ಮೊಟ್ಸಾರ್ಟ್ ಕಾಲದಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ಸಾಲು. ಚೆಲ್ಲೋದ ತೀರಾ ಕೆಳಗಿನ ಸಿ ಬಂದಾಗ ಬಾಸ್ 32.7 ಹರ್ಟ್ಸ್‌ಗೆ ಇಳಿಯಬೇಕು, ಆದರೆ ಇ ತಂತಿ ಅಲ್ಲಿಗೆ ಹೋಗಲ್ಲ. ಆಗ ಸ್ವರವನ್ನು ಒಂದು ಸ್ಥಾಯಿ ಮೇಲೆ ನುಡಿಸಬಹುದು, ಐದು ತಂತಿಯ ಬಾಸ್ ತರಬಹುದು, ಇಲ್ಲವೇ ಇ ತಂತಿಯನ್ನೇ ಇಳಿಸಬಹುದು.

ಇಳಿಸೋದಕ್ಕೆ ಶೀಟ್‌ನಲ್ಲಿ 'ಮೂತಾ ಮಿ ಇನ್ ರೇ' ಅಂತ ಇರುತ್ತೆ. ಇಟಾಲಿಯನ್‌ನಲ್ಲಿ 'ಮೂತಾ' ಅಂದ್ರೆ 'ಬದಲಿಸು'. ಮ್ಯೂಟ್ ಹಾಕು ಅಂತ ಅಲ್ಲ. ಅದಕ್ಕೆ 'ಕಾನ್ ಸೊರ್ದಿನೊ' ಅಂತ ಬೇರೆ ಇದೆ. ಮಿ ಅಂದ್ರೆ ಇ, ರೇ ಅಂದ್ರೆ ಡಿ. ಈ 'ರೇ' ನಮ್ಮ ರಿಷಭದ ಹಾಗೆ ಶ್ರುತಿ ಜೊತೆ ಜಾಗ ಬದಲಿಸಲ್ಲ. ಜರ್ಮನ್ ಶೀಟ್ ಆದ್ರೆ ಇನ್ನೊಂದು ತಲೆನೋವು: ಅಲ್ಲಿ ಎಚ್ ಅಂದ್ರೆ ನಮ್ಮ ಬಿ, ಬಿ ಅಂದ್ರೆ ಬಿ ಫ್ಲಾಟ್.

ಈಗ ನಮ್ಮ ಸಬ್ಜೆಕ್ಟ್. ತಂತಿಯ ಬಿಗಿತ ಕಂಪನದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಇ ಇಂದ ಡಿಗೆ, ಅಂದ್ರೆ 36.7ಕ್ಕೆ ಇಳಿಸಿದ್ರೆ ಬಿಗಿತ ಸುಮಾರು ಶೇ. 21 ಕಡಿಮೆ, ಸಿವರೆಗೆ ಹೋದ್ರೆ ಶೇ. 37. ಆಗ ತಂತಿ ಜೋತುಬಿದ್ದು ಪಟಪಟ ಬಡಿಯೋಕೆ ಶುರು. ಅದಕ್ಕೇ ಎಷ್ಟೋ ಬಾಸ್‌ಗಳಲ್ಲಿ ಇ ತಂತಿಗೆ ಮಾತ್ರ ತಲೆಯವರೆಗೆ ಪಟ್ಟಿ ಉದ್ದ ಮಾಡಿರುತ್ತಾರೆ. ತಂತಿಯನ್ನೇ ಉದ್ದ ಮಾಡೋದು ನಮ್ಮ ಪ್ರಕಾರ ಜಾಣ ಇಂಜಿನಿಯರಿಂಗ್. ಸೋಲೋಗೆ ಇದರ ಉಲ್ಟಾ: ಎಲ್ಲ ತಂತಿಯನ್ನೂ ಒಂದು ಸ್ವರ ಏರಿಸ್ತಾರೆ. ಬಿಗಿತ ಶೇ. 26 ಜಾಸ್ತಿ ಆಗೋದರಿಂದ ತೆಳು ತಂತಿ ಬೇಕು.

ತಂಬೂರಿಯಲ್ಲೂ ಹಿಂದೋಳಕ್ಕೆ ಪಂಚಮ ಬಿಟ್ಟು ಮಧ್ಯಮಕ್ಕೆ ಶ್ರುತಿ ಮಾಡ್ತಾರಲ್ಲ, ಹಾಗೇ ಇದು. ವ್ಯತ್ಯಾಸ ಏನಂದ್ರೆ ತಂಬೂರಿಗೆ ಹಾಡು ಶುರುವಾಗೋ ಮುಂಚೆ ಸಮಯ ಇದೆ. ಬಾಸ್‌ನವರು ಪಕ್ಕದವರೆಲ್ಲ ನುಡಿಸ್ತಿರುವಾಗಲೇ, ಸಿಕ್ಕ ವಿರಾಮದಲ್ಲಿ, ಸದ್ದಿಲ್ಲದೆ ಬಿರಡೆ ತಿರುಗಿಸಬೇಕು. ಆದ್ದರಿಂದ ಶೀಟ್ ಕೈಗೆ ಬಂದ ತಕ್ಷಣ 'ಮೂತಾ' ಎಲ್ಲಿದೆ, ಅದಕ್ಕೆ ಎಷ್ಟು ಬಾರ್ ವಿರಾಮ ಇದೆ, ವಾಪಸ್ 'ರೇ ಇನ್ ಮಿ' ಎಲ್ಲಿ ಅಂತ ಪೆನ್ಸಿಲ್ ಗುರುತು ಹಾಕಿ.

ಇದು ಮೈಸೂರಿಗೆ ದೂರದ ಸಂಗತಿಯೇನಲ್ಲ. ರಿಚರ್ಡ್ ಸ್ಟ್ರಾಸ್‌ನ 'ಫೋರ್ ಲಾಸ್ಟ್ ಸಾಂಗ್ಸ್' 1950ರ ಮೇ 22ರಂದು ಲಂಡನ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಜಯಚಾಮರಾಜ ಒಡೆಯರ್ ಖರ್ಚಿಗೆ ಜವಾಬ್ದಾರರಾಗಿ ನಿಂತದ್ದರಿಂದ. ಬಾಸ್ ಸಾಲು ಹಿಡಿದು ಅದನ್ನ ಒಮ್ಮೆ ಕೇಳಿ. ಫೋನ್ ಸ್ಪೀಕರ್ ಮಾತ್ರ ಬೇಡ. 41 ಹರ್ಟ್ಸ್‌ನ ಮೂಲ ಕಂಪನ ಅದರಿಂದ ಹೊರಗೇ ಬರಲ್ಲ.