ಪರದೆ ಅಗ್ಗದ್ದಾದರೂ ಕರೆಂಟು ಅಳತೆಯದ್ದಿರಲಿ

ಮದುವೆ ಛತ್ರ, ಶಾಲಾ ವಾರ್ಷಿಕೋತ್ಸವ, ಊರಿನ ಯಕ್ಷಗಾನ ಎಂದು ಕ್ಯಾಮ್‌ಕಾರ್ಡರ್ ಹೊತ್ತು ಓಡಾಡುವವರೇ, ಮೊದಲು ನಿಮ್ಮ ಕಣ್ಣನ್ನು ಕಾಪಾಡಿಕೊಳ್ಳಿ. ಮೂರು, ಮೂರೂವರೆ ಇಂಚಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವಾಗಿಯೇ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ವಧುವಿನ ಮುಖ ಮಸುಕು, ಹಿಂದಿನ ಮಂಟಪದ ಹೂವು ಮಾತ್ರ ಸ್ಪಷ್ಟ. ಮಾಂಗಲ್ಯಧಾರಣೆ ಇನ್ನೊಮ್ಮೆ ಮಾಡಿ ಎಂದು ಕೇಳಲಾದೀತೇ? ಐದೋ ಏಳೋ ಇಂಚಿನ ಹೊರ ಮಾನಿಟರ್ ಒಂದಿದ್ದರೆ ಈ ಪಾಡು ತಪ್ಪುತ್ತದೆ. ದುಬಾರಿಯದೇ ಬೇಕೆಂದಿಲ್ಲ. ಆದರೆ ಅಗ್ಗದ ಮಾನಿಟರ್ ಕೊಂಡು, ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿ ಅದನ್ನು ಸುಟ್ಟುಕೊಳ್ಳುತ್ತೀರಲ್ಲ, ಅದಕ್ಕೇ ಈ ನಾಲ್ಕು ಮಾತು.

ಕೊಳ್ಳುವಾಗಿನ ವಿಚಾರ ಮೊದಲು. ಪರದೆ ಐಪಿಎಸ್ ಜಾತಿಯದ್ದಿರಲಿ. ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಬೆಳಕನ್ನು ನಿಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 400–500 ನಿಟ್ಸ್ ಛತ್ರದೊಳಗೆ ಸಾಕು. ನಡುಹಗಲ ಬಿಸಿಲಿಗೆ 1,000 ಇದ್ದರೂ ಹೆಚ್ಚಲ್ಲ. ಇಲ್ಲದಿದ್ದರೆ ಪರದೆಗೆ ಕಪ್ಪು ಮರೆ ಕಟ್ಟಿ. ಏಳು ಇಂಚು ನೋಡಲು ಸುಖ. ಆದರೆ ಅಂಗೈಯಗಲದ ಕ್ಯಾಮರಾದ ನೆತ್ತಿಯ ಮೇಲೆ ಅದನ್ನೂ ಅದರ ಬ್ಯಾಟರಿಯನ್ನೂ ಹೇರಬೇಡಿ. ಮೂಗಿಗಿಂತ ಮೂಗುತಿ ಭಾರವಾದರೆ ಕ್ಯಾಮರಾ ಮುಂದಕ್ಕೆ ವಾಲುತ್ತದೆ, ಮಾನಿಟರ್ ಸಿಕ್ಕಿಸುವ ಶೂ ಸಡಿಲವಾಗುತ್ತದೆ. ಸಣ್ಣ ಕ್ಯಾಮರಾಗೆ ಐದು ಇಂಚು ಸಾಕು. ಏಳೇ ಬೇಕೆಂದರೆ ಕ್ಲ್ಯಾಂಪ್ ಹಾಕಿ ಟ್ರೈಪಾಡಿಗೆ ಕೂರಿಸಿ.

ಇನ್ನು ಕೇಬಲ್. ಎಚ್‌ಡಿಎಂಐ ಬಾಯಿ ಮೂರು ಅಳತೆಯದ್ದು: ದೊಡ್ಡದು, ಮಿನಿ, ಮೈಕ್ರೊ. ನಿಮ್ಮ ಕ್ಯಾಮರಾದ್ದು ಯಾವುದೆಂದು ನೋಡಿಕೊಂಡು ಅಂಗಡಿಗೆ ಹೋಗಿ. ಮೈಕ್ರೊ ಬಾಯಿ ಬಹಳ ನಾಜೂಕು. ಅದಕ್ಕೆ ಕನ್ವರ್ಟರ್ ತುಂಡು ಸಿಕ್ಕಿಸಿ, ಮೇಲೆ ದಪ್ಪ ಕೇಬಲ್ ಜೋತುಬಿಟ್ಟರೆ ಒಂದು ದಿನ ಬಾಯಿಯೇ ಕಿತ್ತುಬರುತ್ತದೆ. ಅರ್ಧ ಮೀಟರಿನ ತೆಳು ಕೇಬಲ್ ತಂದು, ಕ್ಯಾಮರಾದ ಹಿಡಿಗೋ ಟ್ರೈಪಾಡಿಗೋ ಒಂದು ಕಟ್ಟು ಹಾಕಿ. ಯಾರಾದರೂ ಎಡವಿದರೆ ಎಳೆತ ಕಟ್ಟಿನ ಮೇಲೆ ಬೀಳಲಿ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಮುಹೂರ್ತದ ಹೊತ್ತಿಗೆ ಪರದೆ ಕಪ್ಪಾದರೆ ಗಿರಾಕಿಗೆ ಏನು ಹೇಳುತ್ತೀರಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ನಿಮ್ಮದು ಹಳೆಯ ಟೇಪ್ ಕ್ಯಾಮರಾ, ಹಳದಿ ಎವಿ ಪಿನ್ನು ಮಾತ್ರ ಇದೆ ಎನ್ನುತ್ತೀರಾ? ಕಾರಿನ ರಿವರ್ಸ್ ಕ್ಯಾಮರಾಗೆ ಹಾಕುವ 12 ವೋಲ್ಟಿನ ಅಗ್ಗದ ಪರದೆ ಸಾಕು. ಚಿತ್ರ ಬಾರದಿದ್ದರೆ ಪರದೆ ಕೆಟ್ಟಿದೆ ಎಂದು ಬೈಯಬೇಡಿ. ಎವಿ ಕೇಬಲಿನೊಳಗಿನ ತಂತಿಗಳ ಜೋಡಣೆ ಒಂದೊಂದು ಕಂಪನಿಗೆ ಒಂದೊಂದು. ಹಳದಿಯ ಬದಲು ಕೆಂಪು ಪಿನ್ನು ಸಿಕ್ಕಿಸಿ ನೋಡಿ. ಇಂಥ ಪರದೆ ಚೌಕಟ್ಟು ನೋಡಲು ಆಯಿತು, ಫೋಕಸ್ ನೋಡಲು ಆಗದು.

ಈಗ ಕರೆಂಟಿನ ಮಾತು, ಕಿವಿಗೊಟ್ಟು ಕೇಳಿ. ಎಚ್‌ಡಿಎಂಐ ಕೇಬಲ್ ಚಿತ್ರ ತರುತ್ತದೆಯೇ ಹೊರತು ಮಾನಿಟರ್ ಓಡಿಸುವಷ್ಟು ಕರೆಂಟು ತರುವುದಿಲ್ಲ. ಅದಕ್ಕೆ ಬೇರೆಯೇ ಊಟ ಬೇಕು. ಮಾನಿಟರಿನ ಬೆನ್ನ ಮೇಲೆ ಏನು ಅಚ್ಚಾಗಿದೆ ಎಂದು ಓದಿದ್ದೀರಾ? ಕೆಲವು 7ರಿಂದ 24 ವೋಲ್ಟ್‌ವರೆಗೆ ಏನು ಕೊಟ್ಟರೂ ತಾಳುತ್ತವೆ. ಕೆಲವಕ್ಕೆ 12 ವೋಲ್ಟ್ ಮಾತ್ರ. ಹೀಗೆ 12 ಎಂದು ಬರೆದಿದ್ದಕ್ಕೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಮುಗಿಯಿತು. ಪಿನ್ನು ಸರಿಯಾಗಿ ಕೂತಿತು ಎಂದರೆ ವೋಲ್ಟ್ ಸರಿಹೋಯಿತು ಎಂದಲ್ಲ. ಪ್ಲಸ್ ಮೈನಸ್ ಕೂಡ ನೋಡಬೇಕು. ಒಳಭಾಗ ಪ್ಲಸ್, ಹೊರಬಳೆ ಮೈನಸ್ ಇರುವುದೇ ವಾಡಿಕೆ. ಆದರೂ ಮಾನಿಟರಿನ ಮೇಲಿನ ಗುರುತು ನೋಡಿ, ಮಲ್ಟಿಮೀಟರ್ ಇಟ್ಟು ಖಾತರಿ ಮಾಡಿಕೊಳ್ಳಿ. ಊಟ ಬಲ್ಲವನಿಗೆ ರೋಗವಿಲ್ಲ. ಯಂತ್ರಕ್ಕೂ ಅದೇ ಮಾತು.

ಬ್ಯಾಟರಿಯಲ್ಲಿ ಎಲ್ಲಕ್ಕಿಂತ ಸಲೀಸು ಸೋನಿಯ ಎನ್‌ಪಿ-ಎಫ್ ಮಾದರಿ. ಎಷ್ಟೋ ಅಗ್ಗದ ಮಾನಿಟರುಗಳ ಬೆನ್ನಿಗೆ ಅದರ ತಟ್ಟೆ ಇದ್ದೇ ಇರುತ್ತದೆ. ಎಚ್‌ಎಕ್ಸ್‌ಆರ್-ಎಂಸಿ2500ರಂಥ ಭುಜದ ಕ್ಯಾಮರಾ ಇರುವವರಿಗಂತೂ ಕ್ಯಾಮರಾಗೂ ಮಾನಿಟರಿಗೂ ಒಂದೇ ಬ್ಯಾಟರಿ, ಒಂದೇ ಚಾರ್ಜರ್. ಈ ಬ್ಯಾಟರಿಯ ವೋಲ್ಟ್ 7.2; ತುಂಬಿದಾಗ 8.4. ಚಿಕ್ಕ ಎಫ್570ರಲ್ಲಿ ಎರಡು ಸೆಲ್, ಸುಮಾರು 16 ವ್ಯಾಟ್‌ಅವರ್. ದೊಡ್ಡ ಎಫ್970ರಲ್ಲಿ ಆರು ಸೆಲ್, ಸುಮಾರು 47. ಏಳು ಇಂಚಿನ ಮಾನಿಟರ್ 10 ವ್ಯಾಟ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಚಿಕ್ಕದು ಒಂದೂವರೆ ಗಂಟೆ, ದೊಡ್ಡದು ನಾಲ್ಕೂವರೆ. ಅದರಲ್ಲೂ ಕಾಲುಭಾಗ ಕಳೆದು ಲೆಕ್ಕ ಹಿಡಿಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಆರತಕ್ಷತೆ ರಾತ್ರಿ ಹನ್ನೊಂದರವರೆಗೆ ನಡೆಯುವುದಾದರೆ ಚೀಲದಲ್ಲಿ ಇನ್ನೊಂದು ಬ್ಯಾಟರಿ ಇರಲೇಬೇಕು. ಎರಡೇ ಸೆಲ್ ಹಿಡಿಸುವ ಚಿಕ್ಕ ಬ್ಯಾಟರಿಯ ಮೇಲೆ 6,000 ಎಂಎಎಚ್ ಎಂದು ಅಚ್ಚಾಗಿದ್ದರೆ ನಂಬಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಲು ಹೋಗಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಬರಬೇಡಿ.

ಪವರ್ ಬ್ಯಾಂಕ್ ಆಗದೇ ಎಂದು ಕೇಳುತ್ತೀರಿ. ಸಾದಾ ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್. ಹೆಚ್ಚಿನ ಮಾನಿಟರುಗಳಿಗೆ ಕಡಿಮೆಯೆಂದರೂ 7 ಬೇಕು. ವೋಲ್ಟ್ ಏರಿಸುವ ಕೇಬಲ್ ಹಾಕಬಹುದು. ಆದರೆ 5 ವೋಲ್ಟ್, 2 ಆಂಪಿಯರ್ ಎಂದರೆ ಒಟ್ಟು 10 ವ್ಯಾಟ್, ಏರಿಸುವಾಗ ಒಂದಿಷ್ಟು ನಷ್ಟ. ಐದು ಇಂಚಿನದು ಓಡೀತು, ಏಳು ಇಂಚಿನದು ಮಿನುಗತೊಡಗುತ್ತದೆ. ಒಂದೇ ಕಡೆ ನಿಂತು ಯಕ್ಷಗಾನದ ಆಟ ಚಿತ್ರೀಕರಿಸುವವರಿಗೆ 12 ವೋಲ್ಟ್, 7 ಆಂಪಿಯರ್‌ಅವರ್‌ನ ಯುಪಿಎಸ್ ಬ್ಯಾಟರಿ ಅಗ್ಗದ ದಾರಿ. ಲೆಕ್ಕಕ್ಕೆ 84 ವ್ಯಾಟ್‌ಅವರ್. ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿದ್ದರೆ ಬಹಳ ದಿನ ಬಾಳುತ್ತದೆ. ಟ್ರೈಪಾಡಿನ ಬುಡದಲ್ಲಿಡಿ, ಪ್ಲಸ್ ತಂತಿಗೆ ಬ್ಯಾಟರಿಯ ಹತ್ತಿರವೇ 2 ಆಂಪಿಯರ್ ಫ್ಯೂಸ್ ಹಾಕದೆ ಬಿಡಬೇಡಿ. ಚಾರ್ಜರ್ ಸಿಕ್ಕಿಸಿಟ್ಟುಕೊಂಡೇ ಮಾನಿಟರ್ ಓಡಿಸಬೇಡಿ. ಆಗ ವೋಲ್ಟ್ 14ರ ಆಸುಪಾಸಿಗೆ ಏರುತ್ತದೆ, ಬರೀ 12 ವೋಲ್ಟಿನ ಪರದೆಗೆ ಅದು ಕೇಡು.

ಜೋಡಿಸುವುದಕ್ಕೂ ಒಂದು ಕ್ರಮವಿದೆ. ಕ್ಯಾಮರಾ, ಮಾನಿಟರ್ ಎರಡನ್ನೂ ಆಫ್ ಮಾಡಿ. ಮೊದಲು ಕರೆಂಟಿನ ಪಿನ್ನು, ಆಮೇಲೆ ಎಚ್‌ಡಿಎಂಐ, ಕೊನೆಗೆ ಸ್ವಿಚ್ಚು. ಬಿಚ್ಚುವಾಗ ಎರಡನ್ನೂ ಆಫ್ ಮಾಡಿ ಎಚ್‌ಡಿಎಂಐ ಮೊದಲು ತೆಗೆಯಿರಿ. ಅವಸರದಲ್ಲಿ ತಿರುವುಮುರುವು ಮಾಡಿದರೆ ಹಾಳಾಗುವುದು ಕ್ಯಾಮರಾದ ಎಚ್‌ಡಿಎಂಐ ಕೂಡ. ಆತುರಗಾರನಿಗೆ ಬುದ್ಧಿ ಮಟ್ಟ. ಚಿತ್ರ ಬಾರದಿದ್ದರೆ ಕ್ಯಾಮರಾದ ಮೆನುವಿನಲ್ಲಿ ಎಚ್‌ಡಿಎಂಐ ರೆಸಲ್ಯೂಷನ್ ನೋಡಿ. ಅಗ್ಗದ ಪರದೆಗೆ 4ಕೆ ಅರ್ಥವಾಗದೆ ಇರಬಹುದು, 1080ಕ್ಕೆ ಇಳಿಸಿ.

ಚಿತ್ರ ಬಂದ ಮೇಲೂ ಕಣ್ಣುಮುಚ್ಚಿ ನಂಬಬೇಡಿ. ಪರದೆಯ ಬ್ರೈಟ್‌ನೆಸ್ ಹೆಚ್ಚಿಸಿಕೊಂಡು ಬೆಳಕು ಸಾಕೆಂದು ಐರಿಸ್ ಮುಚ್ಚಿದರೆ ವಿಡಿಯೋ ಕತ್ತಲಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಳಕಿಗೆ ಜೀಬ್ರಾ ಅಥವಾ ಹಿಸ್ಟೋಗ್ರಾಂ, ಫೋಕಸಿಗೆ ಪೀಕಿಂಗ್, ಬಣ್ಣ ಹೊಂದಿಸಲು ಕ್ಯಾಮರಾದ ಕಲರ್ ಬಾರ್: ಇವೇ ನಿಮ್ಮ ಸಾಕ್ಷಿಗಳು.

ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಇವತ್ತೇ ಡ್ರಾಯರಿನಲ್ಲಿರುವ ಅಡಾಪ್ಟರುಗಳನ್ನೆಲ್ಲ ಹೊರಗೆ ಹಾಕಿ, ಒಂದೊಂದರ ವೋಲ್ಟ್ ಬರೆದು ಟೇಪಿನಿಂದ ಅಂಟಿಸಿ. ಮಾನಿಟರಿಗೆ ಹೊಂದುವುದೊಂದನ್ನೇ ಕ್ಯಾಮರಾ ಚೀಲಕ್ಕೆ ಹಾಕಿ. ಮಿಕ್ಕದ್ದನ್ನು ಮನೆಯಲ್ಲೇ ಬಿಟ್ಟು ಹೊರಡಿ.