ಆಕಾಶದ ಕಾವು ಅಳೆಯೋದು ಹ್ಯಾಂಗ?

ಆಕಾಶಕ್ಕೂ ಕಾವು ಅದ. ವಿಶ್ವದ ಮೊದಲ ಬೆಳಕು ಆರಿ ಆರಿ ಈಗ ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗೆ ಇಳಿದಿದೆ. ಅದರಲ್ಲಿ ಲಕ್ಷಕ್ಕೊಂದು ಪಾಲು ಹೆಚ್ಚುಕಡಿಮೆ ಅದ ಅಂತ 1992ರಲ್ಲಿ ಕೋಬ್ ಉಪಗ್ರಹ ತೋರಿಸಿತು. ಎರಡು ಆಂಟೆನಾ ಎರಡು ದಿಕ್ಕಿಗಿಟ್ಟು, ತಕ್ಕಡಿಯಂಗ ವ್ಯತ್ಯಾಸ ಮಾತ್ರ ನೋಡಿತು.

ಮೊದಲ ನಕ್ಷತ್ರಗಳು ಹುಟ್ಟಿದಾಗ ಈ ಬೆಳಕು ತುಸು ಕುಂದಿರಬೇಕು. ಆ ಗುರುತು ಸಿಕ್ಕಿತು ಅಂತ 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಹೇಳಿದರು. ಖರೇನಾ? ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ‘ಸರಸ್’ ಎಂಬ ಆಂಟೆನಾವನ್ನು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಅಳೆದರು. ನೀರಿನ್ಯಾಗ ಯಾಕ? ನಮ್ಮ ಸುರಪುರದ ನೆಲ ನೋಡಿರಿ: ಮ್ಯಾಲೆ ಮಣ್ಣು, ಕೆಳಗ ಬಂಡೆ, ಒಂದು ಕಡೆ ಹಸಿ, ಒಂದು ಕಡೆ ಒಣ. ಅಂಥ ನೆಲ ಲೆಕ್ಕ ಕೆಡಿಸ್ತದ. ನೀರು ಎಲ್ಲಾ ಕಡೆ ಒಂದೇ ಸಮ. 2022ರಲ್ಲಿ ಉತ್ತರ ಪ್ರಕಟವಾಯಿತು: ಅಮೆರಿಕದವರು ಹೇಳಿದ ಗುರುತು ಇಲ್ಲಿ ಕಾಣಲಿಲ್ಲ.